ಓತಿಕ್ಯಾತದ ಕೆಳಗಿನ ಗಂಟು

“ಓತಿಕ್ಯಾತ ಇರಲಿ ಬಿಡು. ಅದರ ಹೊಟ್ಟಿ ಕೆಳಗ ಏನೈತಿ, ಅದನ್ನ ದೊಡ್ಡದು ಮಾಡಾಕ ಹೇಳು,” ಎಂದೆ ನನ್ನ ಮಗಳಿಗೆ.

ಭಕ್ತಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ತೊಮೆಕ್ ಎಂಬ ಆ ಹದಿನಾರು ವರ್ಷದ ಪೋಲಂಡಿನ ಹುಡುಗನಿಗೆ ಬೇಜಾರಾಯಿತು. ಕೆಂಪು ಕುತ್ತಿಗೆಯ ಓತಿಕ್ಯಾತವನ್ನು ಅಷ್ಟು ಹತ್ತಿರದಿಂದ ಫೋಟೋದಲ್ಲಿ ಹಿಡಿದ ಹೆಮ್ಮೆ ಅವನದು. ಅವರ ಊರಲ್ಲಿ ಅಂಥದ್ದು ಇಲ್ಲವಂತೆ. ಆದರೂ ಫೋನಿನ ಮೇಲೆ ಎರಡು ಬೆರಳು ಅಗಲಿಸಿ ಚಿತ್ರ ಹಿಗ್ಗಿಸಿದ.

ಓತಿಕ್ಯಾತ ಕೂತಿದ್ದು ಗಂಟಿನ ಮೇಲೆ. ನೀಲಿ ಹಗ್ಗಕ್ಕೆ ಕಿತ್ತಳೆ ಹಗ್ಗ ಸೇರಿಸಿ ಹಾಕಿದ ಗಂಟು. ಪಕ್ಕದಲ್ಲಿ ಗೋಣಿತಟ್ಟಿನ ತುಂಡು, ಕರಿಕಲ್ಲು. ಚಿತ್ರದ ಮೂಲೆಯಲ್ಲಿ ಹೊತ್ತು ಬಿದ್ದಿತ್ತು, ಮಧ್ಯಾಹ್ನ ಒಂದು ಗಂಟೆ ಐವತ್ತೆರಡು ನಿಮಿಷ.

ಈ ಗಂಟಿಗಾಗಿ ನಾಲ್ಕು ದಿನದಿಂದ ಚಪ್ಪಲಿ ಸವೆಸುತ್ತಿದ್ದೆ.

ನಾಲ್ಕು ದಿನದ ಹಿಂದೆ ಗಡಹಿಂಗ್ಲಜ ಹತ್ತಿರದ ನೂಲ ಎಂಬ ಊರ ಹೊರಗಿನ ಹಳೇ ಕಲ್ಲುಖಣಿಯಲ್ಲಿ ಹಗ್ಗ ಹಿಡಿದು ಇಳಿಯುವಾಗ ಈ ಮಕ್ಕಳ ಜೊತೆಯ ಹಾನ್ಯಾ ಎಂಬ ಹುಡುಗಿ ಕೆಳಗೆ ಬಿದ್ದಳು. ಹಗ್ಗ ತಪ್ಪಾಗಿ ಕಟ್ಟಿದನೆಂದು ಗೈಡ್ ಕಾಡಸಿದ್ದನನ್ನು ಗಡಹಿಂಗ್ಲಜ ಠಾಣೆಯಲ್ಲಿ ಕೂಡಿಹಾಕಿದ್ದರು. ಅವನು ಕಟ್ಟಿಲ್ಲ ಎಂದು ತೋರಿಸುವ ಕೆಲಸ ಭಕ್ತಿಯಿಂದ ನನ್ನ ತಲೆಗೆ ಬಂದಿತ್ತು. ಮೂವತ್ತೊಂದು ವರ್ಷ ಪೋಲೀಸಿನಲ್ಲಿ ದುಡಿದು ಹವಾಲ್ದಾರಳಾಗಿ ನಿವೃತ್ತಳಾದ ಚಂಪಾಬಾಯಿಗೆ ಇನ್ನೇನು ಕೆಲಸ ಎಂದು ಜನ ತಿಳಿದುಕೊಂಡಿದ್ದಾರೆ. ಅದು ನಿಜವೂ ಹೌದು.

ಗಂಟು ಬಿಚ್ಚಿಕೊಂಡೇ ಹುಡುಗಿ ಬಿದ್ದದ್ದು. ಹಾಗಾಗಿ ಪೋಲೀಸರ ಹತ್ತಿರ ಇದ್ದದ್ದು ಎರಡು ಬೋಳು ತುದಿ ಮಾತ್ರ. ಮರಕ್ಕೆ ಕಟ್ಟಿದ್ದ ನೀಲಿ ತುಂಡು ಒಂದು, ಹುಡುಗಿಯ ಜೊತೆ ಕೆಳಗೆ ಬಂದ ಕಿತ್ತಳೆ ಹಗ್ಗ ಇನ್ನೊಂದು. ನಡುವಿನ ಗಂಟು ಎಂಥದ್ದು, ಯಾರು ಹಾಕಿದ್ದು, ಯಾರೂ ನೋಡಿಲ್ಲ ಎನ್ನುತ್ತಿದ್ದರು. ಒಂದು ಓತಿಕ್ಯಾತ ನೋಡಿತ್ತು.

“ಅವ್ವಾ, ಗಂಟು ಗಟ್ಟೇ ಐತಲ್ಲ?” ಎಂದಳು ಭಕ್ತಿ, ನನ್ನ ಭುಜದ ಮೇಲಿಂದ ಬಗ್ಗಿ.

“ಗಟ್ಟೇ ಕಾಣತೈತಿ.”

“ಮತ್ತ! ನಾ ಮೊದಲನೇ ದಿನಾನ ಹೇಳಿದ್ದೆ. ಯಾರೋ ಬಿಚ್ಚ್ಯಾರ.”

“ಬಿಚ್ಚಿದವರು ಆಮ್ಯಾಲ. ಮೊದಲ ಕಟ್ಟಿದವರು ಯಾರು ನೋಡೂಣು. ಭಕ್ತೀ, ಇದು ಗುಡ್ಡಾ ಹತ್ತವರ ಗಂಟಲ್ಲ. ಮಗ್ಗದವರ ಗಂಟು.”

ಅವಳು ನೀರು ತರುತ್ತೇನೆಂದು ಎದ್ದು ಹೋದಳು. ನಾಲ್ಕು ದಿನದಿಂದ ಈ ಮಕ್ಕಳ ಹಿಂದೆ ಓಡಾಡಿ ಅವಳ ಕಣ್ಣು ಒಳಗೆ ಹೋಗಿದ್ದವು. ಪಾಪ ಎನ್ನಿಸಿತು ನನಗೆ.

ಕೊಲ್ಹಾಪುರದ ಆ ಹೋಟೆಲಿನ ಪಡಸಾಲೆಯ ತುಂಬ ಬ್ಯಾಗುಗಳು ಬಿದ್ದಿದ್ದವು. ಮಧ್ಯಾಹ್ನ ಬಸ್ಸು ಹತ್ತಿ ಮುಂಬಯಿಗೆ, ಅಲ್ಲಿಂದ ತಮ್ಮ ದೇಶಕ್ಕೆ. ಇಚಲಕರಂಜಿಯ ಸಮ್ಮೇದ ನಡೆಸುವ, ಭಕ್ತಿಯೂ ದುಡಿಯುವ ‘ದೋನ್ ಡೊಂಗರ್’, ಅಂದರೆ ಎರಡು ಗುಡ್ಡ, ಎಂಬ ಪ್ರವಾಸದ ಕಂಪನಿ ಇವರನ್ನು ಕರೆಸಿತ್ತು. ಬಣ್ಣದ ಕಾಗದದ ಮೇಲೆ ಹನ್ನೆರಡು ದಿನದ ತಿರುಗಾಟ ಅಚ್ಚಾಗಿತ್ತು. ಮಹಾಯುದ್ಧದ ಕಾಲಕ್ಕೆ ಪೋಲಂಡಿನಿಂದ ಓಡಿಬಂದ ಹೆಂಗಸರು ಮಕ್ಕಳು ಕೊಲ್ಹಾಪುರದ ಹತ್ತಿರದ ವಳಿವಡೆಯ ನಿರಾಶ್ರಿತರ ಶಿಬಿರದಲ್ಲಿ ಇದ್ದರಲ್ಲ, ಆ ಜಾಗ ಮೊದಲ ದಿನ. ಆಮೇಲೆ ಪನ್ಹಾಳಗಡ, ಹುಪರಿಯ ಬೆಳ್ಳಿ ಕೆಲಸ, ಕಬ್ಬಿನ ಗದ್ದೆ, ಖಣಿಯಲ್ಲಿ ಹಗ್ಗ. ಹಾನ್ಯಾಳ ಮುತ್ತಜ್ಜಿ ವಳಿವಡೆಯಲ್ಲಿ ಬೆಳೆದವಳು. ಮುತ್ತಜ್ಜಿಯನ್ನು ಉಳಿಸಿದ ಊರು ನೋಡಬೇಕೆಂದು ಮರಿಮೊಮ್ಮಗಳು ಅಷ್ಟು ದೂರದಿಂದ ಬಂದಳು. ನಾವು ಅವಳ ಬೆನ್ನು ಮುರಿದು ಕಳಿಸುತ್ತಿದ್ದೇವೆ.

ಆಸ್ಪತ್ರೆಗೆ ಹೋಗಿದ್ದೆ. ಅವಳಪ್ಪ ವಿಮಾನ ಹಿಡಿದು ಬಂದು ಬಾಗಿಲ ಹೊರಗೆ ಕೂತಿದ್ದ. ಮಗಳ ಕೆಸರು ಮೆತ್ತಿದ ಬೂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವಳು ಇನ್ನು ನಿಲ್ಲುವುದಿಲ್ಲ ಎಂದು ಡಾಕ್ಟರು ಅವನಿಗೆ ಹೇಳಿಯಾಗಿತ್ತು. ನನಗೆ ಅವನ ಎದುರು ನಿಲ್ಲಲಾಗಲಿಲ್ಲ.

ಚಿತ್ರವನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ನನ್ನ ಬಲಗೈ ತೋರುಬೆರಳಿನ ಮೇಲಿನ ಎರಡು ಗೆಣ್ಣು ಇಲ್ಲ. ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಮಗ್ಗ ತಿಂದಿತು. ಅದಕ್ಕೇ ಫೋನನ್ನೂ ನಡುಬೆರಳಿನಿಂದಲೇ ಆಡಿಸುತ್ತೇನೆ. ಹುಡುಗರು ಈ ಕಡೆ ಬಂದ ಮೊದಲ ದಿನ ಅದನ್ನು ನೋಡಿ ಮುಸಿಮುಸಿ ನಕ್ಕಿದ್ದರು. ಈಗ ನಗುವವರು ಯಾರೂ ಇರಲಿಲ್ಲ.

ಹೊರಡುವಾಗ ತೊಮೆಕ್ ಓಡಿ ಬಂದು ತನ್ನ ಕೊರಳಿನ ಸೀಟಿ ಬಿಚ್ಚಿ ನನ್ನ ಕೈಯಲ್ಲಿಟ್ಟ. ಅವನಿಗೆ ಕೊಡಿ ಎನ್ನುವಂತೆ “ಕಾಡಸಿದ್ದ,” ಎಂದ. ಆಮೇಲೆ ಕಾಡಸಿದ್ದ ಕಲಿಸಿದ ಮಾತನ್ನು ಹೇಳಿದ. “ಆರಾಮ ಇರ್ರಿ.”

ನಾನು ರಸ್ತೆಗಿಳಿದ ಮೇಲೆ ಕಣ್ಣೊರೆಸಿಕೊಂಡೆ.

*

ಕಾಡಸಿದ್ದನನ್ನು ಹಿಂದಿನ ದಿನ ಗಡಹಿಂಗ್ಲಜದಲ್ಲಿ ನೋಡಿ ಬಂದಿದ್ದೆ. ನೂಲದ ಲಿಂಗಾಯತರ ಹುಡುಗ, ಇಪ್ಪತ್ತಾರು ವರ್ಷ. ಗುಡ್ಡ ಹತ್ತುವ ವಿದ್ಯೆಯನ್ನು ಉತ್ತರದಲ್ಲಿ ತಿಂಗಳುಗಟ್ಟಲೆ ಕಲಿತು ಬಂದವನು. ಮೂರು ವರ್ಷದಿಂದ ಭಕ್ತಿ ಮತ್ತು ಅವನು ಒಂದೇ ಕಂಪನಿಯಲ್ಲಿ. ಹಗ್ಗ ಅವನದು, ಮಕ್ಕಳನ್ನು ನೋಡಿಕೊಳ್ಳುವುದು ಇವಳದು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದಾನೆ.

“ಮುಂಜಾನೆ ನಾ ಕಟ್ಟಿದ್ದು ಒಂದ ಹಗ್ಗರಿ, ಬಾಯಾರ. ನಡುವ ಗಂಟ ಇರಲಿಲ್ಲ. ಒಂಬತ್ತು ಹುಡುಗ್ರು ಚಂದಾಗಿ ಇಳದ್ರು. ಆಮ್ಯಾಲ ನಾ ಊಟಕ್ಕ ಕೆಳಗ ಬಂದೆ,” ಎಂದ.

“ನೀ ಉಣ್ಣೂದರಾಗ ಯಾರೋ ಹಗ್ಗ ಬಿಚ್ಚಿ, ತುಂಡು ಸೇರಿಸಿ, ಬ್ಯಾರೆ ಕಡೆ ಸರಸ್ಯಾರ. ಉಂಡಮ್ಯಾಲ ನೀ ಮ್ಯಾಲ ಹತ್ತಿ ನೋಡಲಿಲ್ಲಾ?”

“ಇಲ್ಲರಿ. ಕೆಳಗಿನ ಹಗ್ಗ ಹಿಡಿಯಾಕ ಅಲ್ಲೇ ನಿಂತೆ. ಮ್ಯಾಲ ಕೂಗಿ ಕೇಳಿದೆ, ಎಲ್ಲಾ ಬರೋಬ್ಬರಿ ಐತೇನಂತ. ಐತಿ ಅಂದ್ರು.”

“ಯಾರಂದ್ರು?”

ಅವನು ಸರಳು ಹಿಡಿದುಕೊಂಡು ನೆಲ ನೋಡಿದ.

“ಕಾಡಸಿದ್ದಾ, ಯಾರಂದ್ರು? ಗಂಡಸ ದನಿ ಏನು? ಸಮ್ಮೇದಂದೇನು?”

“ನಂದ ತಪ್ಪರಿ. ನಾ ಹತ್ತಿ ನೋಡಬೇಕಿತ್ತು. ಆ ಕೂಸು ನನ್ನ ಮುಂದ ಬಿತ್ತು.” ಕೈ ಮುಗಿದು ಹೇಳಿದ, “ಬಾಯಾರ, ನೀವು ಈ ಕೇಸ ಬಿಟ್ಟಬಿಡ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. “ಹೊರಗ ನಿಮ್ಮವ್ವ ಬಾಳವ್ವ ಮೂರು ದಿನದಿಂದ ನೀರ ಕುಡದಿಲ್ಲ. ಆ ಹುಡುಗ್ರಿಗೆ ರೊಟ್ಟಿ ಜುಣಕಾ ಮಾಡಿ ಹಾಕಿದ ಕೈಲೆ ನನ್ನ ಕಾಲ ಹಿಡದಾಳ. ನೀ ಇಲ್ಲಿ ಒಳಗ ಕುಂತು ಧಣಿಗೆ ನಿಯ್ಯತ್ತ ತೋರಸ್ತಿ? ಮೂಕಬಸವನಂಗ ಇರಬ್ಯಾಡ!”

ಅವನು ತಲೆ ಎತ್ತಿ ನನ್ನನ್ನು ನೋಡಿದ.

ಧಣಿಯ ಹೆದರಿಕೆ ಎಂದುಕೊಂಡೆ. ಅಷ್ಟು ವರ್ಷ ಕಳ್ಳರ ಮುಖ ಓದಿದ ಕಣ್ಣು ನನ್ನದು. ಸುಡುಗಾಡು ಕಣ್ಣು.

*

ಕೊಲ್ಹಾಪುರದ ಬಸ್‌ಸ್ಟ್ಯಾಂಡಿನಿಂದಲೇ ಗಡಹಿಂಗ್ಲಜದ ಫೌಜದಾರ್ ಹರ್ಷದಾಳಿಗೆ ಚಿತ್ರ ಕಳಿಸಿ ಫೋನು ಮಾಡಿದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಕೈಕೆಳಗೆ ಲಾಠಿ ಹಿಡಿಯಲು ಕಲಿತವಳು. ಈಗ ನನಗಿಂತ ದೊಡ್ಡ ಹುದ್ದೆಯವಳು. ಆದರೂ ಮರ್ಯಾದೆ ಬಿಟ್ಟಿಲ್ಲ.

“ಫೋಟೋ ಭಾಳ ಚಲೋ ಐತ್ರಿ, ಬಾಯಿ. ಕಾಡಸಿದ್ದ ಆ ಹೊತ್ತಿಗೆ ಕೆಳಗ ಉಣ್ಣಾಕತ್ತಿದ್ದ ಅನ್ನೂದಕ್ಕ ಊರ ಮಂದಿ ಸಾಕ್ಷಿ ಅದಾರ. ಆದರ ಮುಂಜಾನೇನ ಕಟ್ಟಿದ್ದ ಗಂಟು ಅಂತ ಕಂಪನಿ ವಕೀಲ ಅಂತಾನ. ಫೋಟೋದಾಗ ಗಂಟೈತಿ, ಕೈ ಇಲ್ಲ. ನನಗ ಕೈ ಬೇಕು.”

“ಕೈ ಸಿಗತೈತಿ. ಅದು ಮಗ್ಗದ ಗಂಟು. ನೂಲು ಹರದಾಗ ನೇಕಾರರು ಹಾಕೂ ಗಂಟು. ಕಾಡಸಿದ್ದ ಹುಟ್ಟಿದಾಗಿಂದ ಮಗ್ಗ ಮುಟ್ಟಿಲ್ಲ. ಅವತ್ತು ಅಲ್ಲಿದ್ದವರಾಗ ಮಗ್ಗದ ಮನಿಯಾಂವ ಒಬ್ಬನ.”

“ಸಮ್ಮೇದ?”

“ಮತ್ಯಾರು? ಶಹಾಪುರದಾಗ ಅವರಪ್ಪಂದು ಇಪ್ಪತ್ತನಾಕ ಮಗ್ಗ ಓಡತಾವ.”

ಹರ್ಷದಾ ಉಸಿರು ಬಿಟ್ಟಳು. “ನಾಳೆ ಹನ್ನೊಂದಕ್ಕ ಕಾಡಸಿದ್ದನ ಜಾಮೀನಿಂದು ಕೋರ್ಟಿನಾಗ ಐತಿ. ಇವತ್ತ ಸಂಜೀ ಆರರ ಒಳಗ ನಾ ನನ್ನ ಅಭಿಪ್ರಾಯ ಬರದ ಕಳಸಬೇಕು. ಹೆಸರು ಸಿಕ್ಕರ ಅವನ್ನ ಬಿಡ್ರಿ ಅಂತ ಬರೀತೇನಿ. ಇಲ್ಲಂದ್ರ ಅಂವ ಕಳಂಬಾ ಜೈಲಿಗೆ ಹೋಗ್ತಾನ. ಆರು ಗಂಟಿ ಅಂದ್ರ ಆರು ಗಂಟಿ, ಬಾಯಿ.”

“ಐದೂವರಿಗೆ ಹೇಳತೇನಿ,” ಎಂದು ಇಚಲಕರಂಜಿಯ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಭಕ್ತಿಯ ಫೋನು ಬಂತು. “ಅವ್ವಾ, ಎಲ್ಲಿ ಹೊಂಟಿ?” “ಸಮ್ಮೇದನ ಶೆಡ್ಡಿಗೆ,” ಎಂದೆ. “ಹುಡುಗ್ರು ಹೋದ್ರು. ನಾನೂ ಊರಿಗೆ ಬರ್ತೇನಿ. ಹೊತ್ತ ಮುಳಗೂದರಾಗ ನೀ ಉಣ್ಣಂಗಿಲ್ಲ ಅಂದ್ರ ಉಪಾಸ ಬೀಳ್ತಿ, ಡಬ್ಬಿ ಅಲ್ಲೇ ತರ್ತೇನಿ,” ಎಂದಳು. ನಾವು ಜೈನರು ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಎಂಥ ಗದ್ದಲದಲ್ಲೂ ನನ್ನ ಹೊಟ್ಟೆಯ ಚಿಂತೆ ಮಾಡುವ ಮಗಳು ಎಂದು ಎದೆ ತಂಪಾಯಿತು.

*

ಇಚಲಕರಂಜಿಯ ಶಹಾಪುರದ ಓಣಿಗೆ ಕಾಲಿಟ್ಟರೆ ಸಾಕು, ನೆಲವೇ ಖಟಖಟ ಅನ್ನುತ್ತದೆ. ಆ ಸದ್ದಿನೊಳಗೆ ಹುಟ್ಟಿದವಳು ನಾನು. ಸಮ್ಮೇದನ ಶೆಡ್ಡಿನ ಬಾಗಿಲಲ್ಲಿ ಮುದುಕ ಗುಂಡು ನಿಂತಿದ್ದ. ಹುಬ್ಬಿನ ಮೇಲೆಲ್ಲ ಅರಳೆಯ ಧೂಳು. ನನ್ನಪ್ಪನ ಜೊತೆ ಒಂದೇ ಸಾಲಿನಲ್ಲಿ ಮಗ್ಗ ಹಾಕಿದ ನೇಕಾರ, ಈಗ ಇಲ್ಲಿ ದುಡಿಯುತ್ತಾನೆ.

“ಬರ್ರಿ ಚಂಪಕ್ಕಾ! ಭಾಳ ದಿನಕ್ಕ ಬಂದ್ರಿ.”

“ಗುಂಡಣ್ಣಾ, ನೀನೂ ಒಳಗ ಬಾ. ಸಾಕ್ಷಿಗೆ ಒಬ್ಬರು ಬೇಕು.”

ಮೂಲೆಯ ಗಾಜಿನ ಕ್ಯಾಬಿನ್ನಿನಲ್ಲಿ ಸಮ್ಮೇದ ಕೂತಿದ್ದ. ಹಿಂದಿನ ಗೋಡೆಯ ತುಂಬ ದೊಡ್ಡ ದೊಡ್ಡ ಚಿತ್ರಗಳು. ಹೊಳೆಯಲ್ಲಿ ದೋಣಿ, ಗುಡ್ಡದ ನೆತ್ತಿಯಲ್ಲಿ ನಗುವ ಬಿಳಿಯ ಮಕ್ಕಳು. ಒಂದರಲ್ಲಿ ಹಾನ್ಯಾ ಕೂಡ ಇದ್ದಳು, ಕೈಯಲ್ಲಿ ಕಬ್ಬಿನ ಜಲ್ಲೆ ಹಿಡಿದು. ಅದನ್ನು ತೆಗೆಯುವಷ್ಟು ನಾಚಿಕೆಯೂ ಅವನಿಗಿರಲಿಲ್ಲ. ಗೂಟಕ್ಕೆ ಹಗ್ಗದ ಸಿಂಬೆಗಳು ನೇತಾಡುತ್ತಿದ್ದವು, ಕಿತ್ತಳೆ, ನೀಲಿ.

“ಕುಂದರ್ರಿ ಮಾವಶಿ. ಚಹಾ ಹೇಳ್ಲಿ?”

“ಚಹಾ ಬ್ಯಾಡ. ಆ ಎರಡು ಹಗ್ಗ ಇಳಸು.”

“ಯಾಕ್ರಿ?”

“ಇಳಸು ಅಂದ್ನೆಲ್ಲಾ.”

ಇಳಿಸಿದ. ಎರಡೂ ತುದಿಗಳನ್ನು ಮೇಜಿನ ಮೇಲೆ ಅವನ ಮುಂದೆ ಇಟ್ಟೆ. “ಕೂಡಸು.”

ಅವನು ನಕ್ಕ. ನಲವತ್ತರ ಗಂಡಸು, ಬೆಣ್ಣೆ ಸವರಿದಂಥ ಮುಖ. “ಏನಿದು, ಪರೀಕ್ಷಾನ? ನಿಮ್ಮ ಕಾಡಸಿದ್ದ ಕಟ್ಟಿದ, ಅದು ಬಿಚ್ಚತು. ಕೋರ್ಟ ನೋಡ್ಕೋತೈತಿ. ನನ್ನ ಹಿಂದ ಯಾಕ ಬಿದ್ದೀರಿ?”

ನಾನು ಫೋನು ತೆಗೆದು ಚಿತ್ರ ತೋರಿಸಿದೆ. ಅವನ ನಗು ಅಲ್ಲಿಯೇ ನಿಂತಿತು.

“ಯಾವ ಗಂಟಿದು?” ಎಂದೆ.

ನೋಡಿದ. ಮತ್ತೆ ನೋಡಿದ. “ಮಗ್ಗದ ಗಂಟಿನಂಗ ಕಾಣತೈತಿ.”

“ಅವತ್ತ ಖಣಿ ಮ್ಯಾಲ ಮಗ್ಗದ ಮನಿಯವರು ಯಾರಿದ್ರು?”

ಅವನು ಫೋನಿನಿಂದ ಮುಖ ತಿರುಗಿಸಿದ. ಗಾಜಿನ ಆಚೆ ಇಪ್ಪತ್ತನಾಲ್ಕು ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು.

“ಕೂಡಸು, ಸಮ್ಮೇದ.”

ಅವನು ಸಿಟ್ಟಿನಿಂದಲೇ ಹಗ್ಗ ಎತ್ತಿಕೊಂಡ. ಚಿಕ್ಕಂದಿನಲ್ಲಿ ಅವನಪ್ಪ ಮಗ್ಗದ ಮುಂದೆ ನಿಲ್ಲಿಸಿದ್ದು ಸುಳ್ಳಲ್ಲ. ತೋರುಬೆರಳು ಹೆಬ್ಬೆರಳ ನಡುವೆ ಎರಡು ತುದಿ ಕತ್ತರಿ ಹಾಕಿ, ಸುತ್ತಿ, ತೂರಿಸಿ ಎಳೆದ. ಕಣ್ಣು ಮಿಟುಕಿಸುವುದರೊಳಗೆ ಗಂಟು ಬಿತ್ತು. ನಾನು ಫೋನನ್ನು ಪಕ್ಕದಲ್ಲಿಟ್ಟು ನೋಡಿದೆ.

ಒಂದೇ ಅಲ್ಲ. ಎಲ್ಲೋ ಫರಕು ಇತ್ತು. ಅವನ ಗಂಟಿನ ಎರಡೂ ಮೋಟು ತುದಿಗಳು ಒಂದೇ ಬದಿಗೆ ನಿಂತಿದ್ದವು. ಚಿತ್ರದಲ್ಲಿ ಒಂದು ಮೋಟು ಓತಿಕ್ಯಾತದ ತಲೆಯ ಕಡೆಗಿತ್ತು, ಇನ್ನೊಂದು ಕೆಳಗೆ ಕಲ್ಲಿನ ಕಡೆಗೆ.

“ಬೇಕಂತ ಬ್ಯಾರೆ ಹಾಕೀದಿ. ನನ್ನ ಕಣ್ಣಾಗ ಮಣ್ಣ ಹಾಕ್ತೀಯೇನ?”

“ಅಯ್ಯ, ಮಗ್ಗದ ಗಂಟು ಹಿಂಗ ಇರತೈತಿ, ಮಾವಶಿ! ಗುಂಡಣ್ಣನ್ನ ಕೇಳ್ರಿ.”

“ಕೊಡಿಲ್ಲೆ. ನಾ ತೋರಸ್ತೇನಿ ನಿನಗ.” ಹಗ್ಗ ಕಿತ್ತುಕೊಂಡು, ಅವನ ಗಂಟು ಬಿಚ್ಚಿ, ನಡುಬೆರಳಿನ ಮೇಲೆ ಸುತ್ತಿ ನನ್ನ ಕೈಯಾರೆ ಹಾಕಿದೆ. “ನೋಡು. ಹಿಂಗ. ಫೋಟೋದಾಗ ಇದ್ದಂಗ. ಮಗ್ಗದ ಗಂಟು ಅಂದ್ರ ಇದು.”

ನನ್ನ ಗಂಟು ಮತ್ತು ಚಿತ್ರದ ಗಂಟು ಅಚ್ಚು ಹೊಡೆದ ಹಾಗೆ ಒಂದೇ ಇದ್ದವು.

ಗುಂಡು ಖೊಳ್ಳನೆ ನಕ್ಕುಬಿಟ್ಟ.

“ಚಂಪಕ್ಕಾ, ಇದು ನಿಮ್ಮ ಗಂಟರಿ! ಉಲ್ಟಾ ಗಂಟು! ನಿಮ್ಮಪ್ಪ ಇದಕ್ಕ ಎಷ್ಟ ಬೈತಿದ್ದ, ಮರತ್ರೇನು?”

“ಏನ ಉಲ್ಟಾ?”

“ನಮ್ಮೆಲ್ಲಾರದೂ ಎರಡೂ ತುದಿ ಒಂದ ಕಡೆ ಬರ್ತಾವ. ನಿಮ್ಮದು ಒಂದು ಆ ಕಡೆ, ಒಂದು ಈ ಕಡೆ. ಬೆರಳ ಹೋದಮ್ಯಾಲ ನಡುಬೆರಳಲೆ ಹಾಕಾಕ ಹತ್ತಿದ್ರಲ್ಲ, ಅವತ್ತಿಂದ. ನೂಲಿಗೆ ಏನೂ ಆಗೂದಿಲ್ಲ. ಮೋಟು ಕತ್ತರಿಸಿಬಿಡ್ತೇವಿ, ಯಾರ ನೋಡ್ತಾರ? ಅರಳಿ ಎಳಿ ಕಚಗೊಂಡ ಕುಂದರತೈತಿ.” ಅವನು ಹಗ್ಗ ಮುಟ್ಟಿ ನೋಡಿದ. “ಈ ನುಣ್ಣಗಿನ ಹಗ್ಗಕ್ಕ ನಡೀಯೂದಿಲ್ಲರಿ. ಹಿಡೀರಿ ಆ ಕಡೆ.”

ನಾನು ಒಂದು ತುದಿ ಹಿಡಿದೆ. ಅವನು ಇನ್ನೊಂದು. ಜಗ್ಗಿದ. ಗಂಟು ನಿಂತಿತು.

ಸಡಿಲ ಬಿಟ್ಟು ಮತ್ತೆ ಜಗ್ಗಿದ. ನಿಂತಿತು. ಆದರೆ ಒಂದು ಮೋಟು ಒಳಗೆ ಸರಿದದ್ದು ನನಗೆ ಕಂಡಿತು.

ಮೂರನೆಯ ಸಲ ಜಗ್ಗಿದಾಗ ಕಿತ್ತಳೆ ಹಗ್ಗ ನೀಲಿಯೊಳಗಿಂದ ಸುಮ್ಮನೆ ಜಾರಿ ಹೊರಬಂತು. ಗುಂಡು ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಆತುಕೊಂಡ.

ಊಟವಾದ ಮೇಲೆ ಖಣಿಯಲ್ಲಿ ಇಬ್ಬರು ಇಳಿದಿದ್ದರು. ಮೂರನೆಯವಳು ಹಾನ್ಯಾ.

“ಈ ಗಂಟು ಮತ್ಯಾರಿಗರೆ ಕಲಿಸಿದ್ರೇನು?” ಎಂದು ಗುಂಡು ಕೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಪಾಪ, ಹಳೇ ಮಾತು ಎಂದುಕೊಂಡು ಕೇಳಿದ.

ಕಲಿಸಿದ್ದೆ. ಒಬ್ಬಳಿಗೇ ಕಲಿಸಿದ್ದೆ. ಏಳು ವರ್ಷದವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದೇ ಓಣಿಯ ನಮ್ಮ ಶೆಡ್ಡಿನಲ್ಲಿ. ಗಂಡ ಸತ್ತ ವರ್ಷ ಅದು. ಡ್ಯೂಟಿ ಮುಗಿಸಿ ಬಂದು ಅಪ್ಪನ ಮಗ್ಗಕ್ಕೆ ಕೂತಾಗ ಮಗಳು ಅಳಬಾರದೆಂದು ಅವಳ ಕೈಗೆ ನೂಲು ಕೊಡುತ್ತಿದ್ದೆ.

ನಾನು ಹಗ್ಗದ ತುದಿಯನ್ನು ಮೇಜಿನ ಮೇಲೆ ಇಟ್ಟೆ.

“ಗುಂಡಣ್ಣಾ, ಹೊರಗ ನಡೀ,” ಎಂದ ಸಮ್ಮೇದ. ಅವನು ಹೋದ ಮೇಲೆ ಬಾಗಿಲು ಹಾಕಿದ. “ಈಗ ಸಾಕೇನ್ರಿ, ಮಾವಶಿ?”

“ಹೇಳು,” ಎಂದೆ. “ಎಲ್ಲಾ ಹೇಳು.”

“ಕಂಪನಿ ಜಾಹೀರಾತಿನ ವಿಡಿಯೋಕ್ಕ ಆ ಕಡೆ ಚಂದ ಬರ್ತಿತ್ತು. ಬೆಳಕ ಚಲೋ ಇತ್ತು. ಹಗ್ಗ ಎಡಕ್ಕ ಸರಸ್ರಿ ಅಂತ ಕೆಳಗಿಂದ ನಾನ ಹೇಳಿದೆ. ಮರ ದೂರ ಆತು, ಹಗ್ಗ ಸಾಲಲಿಲ್ಲ. ಉದ್ದನ್ನ ಹಗ್ಗ, ಮತ್ತ ಮೊದಲಿಂದು ಕೈಕೊಟ್ರ ಹಿಡಿಯೂ ಎರಡನೇ ಕಾಯೂ ಹಗ್ಗ, ಎರಡೂ ಇಲ್ಲೇ ಶೆಡ್ಡಿನಾಗ ಉಳದಿದ್ವು. ಭಕ್ತಿ ಮ್ಯಾಲ ಇದ್ದಳು, ಹುಡುಗ್ರ ತಲಿಗೆ ಹೆಲ್ಮೆಟ್ ಕಟ್ಟಾಕತ್ತಿದ್ದಳು. ನಾ ಕೂಡಸ್ತೇನಿ, ನಮ್ಮವ್ವ ಕಲಿಸಿದ ಗಂಟು ಐತಿ, ಅಂದ್ಲು.”

ಭಕ್ತಿ ಆ ಹೊತ್ತಿಗೆ ಕೆಳಗೆ ಊಟ ಬಡಿಸುತ್ತಿದ್ದಳು. ಹಾಗೆಂದು ಅವಳೇ ನನಗೆ ಹೇಳಿದ್ದಳು. ನಾನು ಬೇರೆ ಯಾರನ್ನೂ ಕೇಳಲಿಲ್ಲ. ಮೊದಲು ಮನೆಯವರ ಮಾತನ್ನೇ ಪರೀಕ್ಷಿಸಬೇಕು ಎಂದು ಹರ್ಷದಾಳಂಥ ಎಷ್ಟು ಹುಡುಗಿಯರಿಗೆ ಪಾಠ ಹೇಳಿದವಳು ನಾನು.

“ಆಕೀಗೆ ಬಾಯಿ ಮುಚ್ಚಸಿದಾಂವ ನೀನ?”

“ಆಕೀ ಹೇಳಾಕ ಹೊಂಟಿದ್ಲು. ನಾ ತಡದೆ. ನಿನ್ನ ಗಂಟ ಗಟ್ಟಿ ಇತ್ತು, ಯಾರೋ ಬಿಚ್ಚ್ಯಾರ, ನೀ ಕಟ್ಟೀನಿ ಅಂದ್ರ ಒಳಗ ಹೋಗ್ತಿ, ನಿಮ್ಮವ್ವ ಪೋಲೀಸಾಕಿ, ಬಿಚ್ಚಿದವನ್ನ ಆಕೀ ಹುಡುಕಲಿ ಅಂತ ಹೇಳಿದೆ. ನಂಬಿದ್ಲು. ಇವತ್ತಿಗೂ ನಂಬ್ಯಾಳ.” ಅವನು ಮುಖ ಒರೆಸಿಕೊಂಡ. “ನಿಮ್ಮ ಮಗಳ ಸಂಬಂಧ ಮಾಡಿದೆ, ಮಾವಶಿ.”

“ನನ್ನ ಮಗಳ ಹೆಸರ ತಗೀಬ್ಯಾಡ. ನಿನ್ನ ಕಂಪನಿ ಸಂಬಂಧ ಮಾಡಿದಿ. ಎರಡನೇ ಹಗ್ಗ ಇಲ್ಲೇ ಬಿಟ್ಟದ್ದು ಹೊರಬೀಳತೈತಿ ಅಂತ ಮಾಡಿದಿ, ನಾಯಿ.”

“ಬೈರಿ. ಆದರ ಹೊರಗ ಹೇಳಿದ್ರ ನಾ ಒಬ್ಬನ ಮುಳಗೂದಿಲ್ಲ.” ಅವನು ಗಡಿಯಾರ ನೋಡಿದ. “ಕಾಡಸಿದ್ದಗ ವಕೀಲರನ್ನ ನಾ ಕೊಡ್ತೇನಿ. ಅಂವ ಏನೂ ಮಾತಾಡಂಗಿಲ್ಲ. ಬರೋಬ್ಬರಿ ಐತಿ ಅಂದ ಭಕ್ತಿ ದನಿ ಅಂವ ಸ್ಪಷ್ಟ ಕೇಳ್ಯಾನ, ಆದರೂ ಹೇಳಿಲ್ಲ. ನೀವೂ ಸುಮ್ನ ಇದ್ದಬಿಡ್ರಿ.”

ಆಗ ನನಗೆ ಸರಳಿನ ಹಿಂದಿನ ಆ ಮುಖ ನೆನಪಾಯಿತು. ಕೇಸು ಬಿಡಿ ಎಂದು ಅವನು ಕೈ ಮುಗಿದದ್ದು ಧಣಿಯ ಹೆದರಿಕೆಗಲ್ಲ. ನನಗಾಗಿ. ನ್ಯಾಯ ಕೊಡಿಸುತ್ತೇನೆಂದು ಹೋದ ನನ್ನನ್ನು ಆ ಹುಡುಗ ಒಳಗೆ ಕೂತು ಕಾಪಾಡುತ್ತಿದ್ದ. ನಾನು ಅವನನ್ನು ಮೂಕಬಸವ ಎಂದು ಬೈದು ಬಂದಿದ್ದೆ.

ಸೆರಗಿನ ಗಂಟಿನಲ್ಲಿ ತೊಮೆಕ್ ಕೊಟ್ಟ ಸೀಟಿ ಇತ್ತು. ಮುಟ್ಟಿ ನೋಡಿಕೊಂಡೆ.

ಬಾಗಿಲು ತೆರೆಯಿತು. ಮಗ್ಗಗಳ ಸದ್ದು ಒಮ್ಮೆಲೇ ಒಳನುಗ್ಗಿತು. ಭಕ್ತಿ, ಕೈಯಲ್ಲಿ ಡಬ್ಬಿ.

“ಅವ್ವಾ, ಹೊತ್ತ ಮುಳಗಾಕ ಬಂತು. ಮೊದಲ ನಾಕ ತುತ್ತ ಉಣ್ಣು, ಆಮ್ಯಾಲ ಮಾತಾಡು.” ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅಲ್ಲಿ ಬಿದ್ದಿದ್ದ ಎರಡು ಹಗ್ಗಗಳನ್ನು ಕಂಡಳು. ಸಮ್ಮೇದನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು.

“ನಿನಗ ಹೇಳಬೇಕಂತ ನಾಕ ದಿನದಿಂದ...” ಎಂದು ಶುರುಮಾಡಿದವಳಿಗೆ ಅಳು ಬಂತು. “ಹೌದವ್ವಾ, ನಾನ ಕಟ್ಟಿದ್ದೆ. ಆದರ ನೀ ಕಲಿಸಿದಂಗ ಕಟ್ಟಿದ್ದೆ, ಒಂದಿಷ್ಟೂ ತಪ್ಪಿಲ್ಲ. ನೀ ಕಲಿಸಿದ ಗಂಟು ಒಮ್ಮೆರೆ ಬಿಚ್ಚೇತೇನು? ಯಾರೋ ಬಿಚ್ಚ್ಯಾರ. ನೀ ಅವರನ್ನ ಹಿಡದ್ರ ಕಾಡಸಿದ್ದನೂ ಹೊರಗ ಬರ್ತಾನ, ನಾನೂ ಉಳೀತೇನಿ. ಅದಕ್ಕ ನಿನ್ನ ಕಡೆ ಬಂದೆ. ನೋಡಿಲ್ಲೆ.”

ಅವಳು ಕಣ್ಣೀರು ಒರೆಸಿಕೊಂಡು ಹಗ್ಗದ ತುದಿಗಳನ್ನು ಎತ್ತಿಕೊಂಡಳು.

ನನ್ನ ಮಗಳ ಹತ್ತೂ ಬೆರಳು ನೆಟ್ಟಗಿವೆ. ಆದರೂ ಅವಳು ಬಲಗೈ ತೋರುಬೆರಳನ್ನು ಒಳಗೆ ಮಡಚಿಕೊಂಡಳು, ಅದು ಇಲ್ಲವೇ ಇಲ್ಲ ಎನ್ನುವ ಹಾಗೆ. ನಡುಬೆರಳಿನ ಮೇಲೆ ಸುತ್ತಿ, ತೂರಿಸಿ, ಎಳೆದಳು. ಏಳು ವರ್ಷದ ಕೂಸು ಅವ್ವನ ಕೈ ನೋಡಿ ಕಲಿತದ್ದು ಹಾಗೆಯೇ. ನಾನು ಅವತ್ತು ಅದನ್ನು ನೋಡಿ ನಕ್ಕು ಮುದ್ದು ಮಾಡಿದ್ದೆ.

ಒಂದು ಮೋಟು ಆ ಕಡೆ, ಒಂದು ಈ ಕಡೆ.

ಮೇಜಿನ ಮೇಲಿದ್ದ ನನ್ನ ಫೋನು ಅದುರತೊಡಗಿತು. ಹರ್ಷದಾ. ಆರಕ್ಕೆ ಎಂಟು ನಿಮಿಷ ಇತ್ತು. ನಡುಬೆರಳಿನಿಂದ ಒತ್ತಿ ಕಿವಿಗಿಟ್ಟುಕೊಂಡೆ.

“ಬಾಯಿ, ಕಾಗದ ಮುಂದ ಇಟಗೊಂಡ ಕುಂತೇನಿ. ಇಲ್ಲಿ ಬಾಗಲದಾಗ ಬಾಳವ್ವ ಕುಂತಾಳ. ಆ ಗಂಟ ಯಾರ ಕೈಯಿಂದು?”

ಸಮ್ಮೇದ ಬೇಡವೆಂದು ತಲೆ ಅಲ್ಲಾಡಿಸಿದ. ಭಕ್ತಿ ಹಗ್ಗದ ಒಂದು ತುದಿಯನ್ನು ನನ್ನ ಇನ್ನೊಂದು ಕೈಗೆ ಕೊಟ್ಟು, ಮತ್ತೊಂದನ್ನು ತನ್ನ ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ಹಿಂದೆ ಸರಿದು ನಿಂತಳು.

“ಜಗ್ಗವ್ವಾ,” ಎಂದಳು. “ಎಷ್ಟ ಸಲ ಬೇಕಾದ್ರೂ ಜಗ್ಗಿ ನೋಡು.”

“ಹಲೋ? ಬಾಯಿ? ಹೆಸರ ಹೇಳ್ರಿ.”